ಮುಖ ಓದುವವರಿಗೆ ನಮ್ಮ ಮಾತು
(ಜೈನಾಪುರದಲ್ಲಿ ಹುಡುಗರ ಮುಂದೆ ಆಡಿದ್ದು)



ಪೊಲೀಸ್ ತರಬೇತಿಯಲ್ಲಿ ಮುಖ ಓದೋದನ್ನೂ ಕಲಿಸಬೇಕು ಅಂತಾರೆ. ಸಿಟ್ಟು, ಅಂಜಿಕೆ, ದುಃಖ ಗುರುತಿಸೋದು. ಒಳ್ಳೇದೇ. ಆದರೆ ಓದುವ ಕಣ್ಣಿನೊಳಗೆ ಜಾತಿ ಕೂತಿದ್ದರೆ?

ನಮ್ಮ ಕೇರಿಯ ಅವ್ವಂದಿರು ಠಾಣೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾರೆ. ದೊಡ್ಡವರೆದುರು ಕಣ್ಣೆತ್ತಬಾರದೆಂದು ಊರೇ ಕಲಿಸಿದೆ. ಖಾಕಿ ಅದನ್ನು ಓದುವುದು ಹೀಗೆ: 'ಸುಳ್ಳು ಹೇಳಾಕತ್ಯಾಳ, ಅದಕ್ಕ ಮಾರಿ ಬಗ್ಗಿಸ್ಯಾಳ.' ಮಗ ತಲೆಯೆತ್ತಿ ಕೇಳಿದರೆ, 'ಸೊಕ್ಕು.'

ಅಮೆರಿಕದ ಪಾಲ್ ಎಕ್‌ಮನ್ 1960ರ ದಶಕದ ಕೊನೆಗೆ ಪಪುವಾ ನ್ಯೂಗಿನಿಗೆ ಹೋಗಿಬಂದು, ಮೂಲ ಭಾವಗಳ ಮುಖ ಎಲ್ಲ ಮನುಷ್ಯರಿಗೂ ಒಂದೇ ಅಂದ. 2019ರಲ್ಲಿ ಲೀಸಾ ಬ್ಯಾರೆಟ್ ಮತ್ತು ಸಂಗಡಿಗರು, ಬರೀ ಮುಖ ನೋಡಿ ಮನಸ್ಸು ಹೇಳಲಾಗದು ಎಂದರು. ನಮಗಿದು ಹೊಸದಲ್ಲ. ಅಂಜಿಕೆಗೆ ಅಪರಾಧವೆಂದು ಹೆಸರಿಟ್ಟಿದ್ದನ್ನು ತಲೆಮಾರುಗಳಿಂದ ಉಂಡವರು ನಾವು.

2000ದ ಮಾರ್ಚಿನಲ್ಲಿ ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. ಕೋರ್ಟಿನಲ್ಲಿ ಸಾಕ್ಷಿಗಳು ಮಾತು ತಿರುಗಿಸಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. ಆ ಸಾಕ್ಷಿಗಳ ಮುಖ ಓದಿದವರು ಯಾರು?

1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಯಿತು. ಬಾಯಿಮಾತಿನ ದೂರು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು. ಮೊದಲು ಅದನ್ನು ಓದಲಿ, ಮುಖ ಆಮೇಲೆ.

ನಿಮ್ಮಲ್ಲೂ ಕೆಲವರು ನಾಳೆ ಕಲಬುರಗಿಯ ನಾಗನಹಳ್ಳಿಯಂಥ ತರಬೇತಿ ಕಾಲೇಜಿಗೆ ಹೋಗ್ತೀರಿ, ಖಾಕಿ ತೊಡ್ತೀರಿ. ತಲೆ ತಗ್ಗಿಸಿದ ಮುದುಕಿ ಬಂದರೆ ಕುರ್ಚಿ ಕೊಡಿ. 'ಕುಂದ್ರು ಯವ್ವಾ, ಹೇಳು' ಅನ್ನಿ. ಆಗ ಮೇಲೇಳುತ್ತದಲ್ಲ, ಆ ಮುಖ ಓದಿ.

ಜೈ ಭೀಮ್.