ಕಲಾವಿದರ ಮುಯ್ಯಿ

ಮಂಡ್ಯದ ಸೀಮೆಯಲ್ಲಿ ಮುಯ್ಯಿ ಎಂಬ ಮಾತನ್ನು ಅರಿಯದವರಿಲ್ಲ. ಮದುವೆಯ ಮನೆಯಲ್ಲಿ ನೆಂಟರಿಷ್ಟರು ಕೊಡುವ ಕಾಣಿಕೆಗೆ ಮುಯ್ಯಿ ಎಂದು ಹೆಸರು. ಕೊಟ್ಟವರ ಹೆಸರನ್ನೂ ಕೊಟ್ಟ ಮೊತ್ತವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಅಷ್ಟನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಹಿಂದಿರುಗಿಸತಕ್ಕದ್ದು. ಗದ್ದೆಯ ಬದುಕಿನಲ್ಲಿಯೂ ಇದೇ ನಡವಳಿಕೆಯುಂಟು. ಇಂದು ನೀವು ನಮ್ಮ ನಾಟಿಗೆ ಬಂದರೆ ನಾಳೆ ನಾವು ನಿಮ್ಮ ನಾಟಿಗೆ ಬರಬೇಕು. ಅದಕ್ಕೆ ಮುಯ್ಯಾಳು ಎನ್ನುತ್ತಾರೆ. ಇದು ಕೂಲಿಯಲ್ಲ, ದಾನವೂ ಅಲ್ಲ. ಕೊಂಡವನು ತಲೆತಗ್ಗಿಸಬೇಕಾಗಿಲ್ಲ, ಕೊಟ್ಟವನು ಎದೆಯುಬ್ಬಿಸಬೇಕಾಗಿಲ್ಲ. ಸಹೃದಯ ಶ್ರೋತೃಗಳೆ, ಕಷ್ಟಕಾಲದಲ್ಲಿ ಕಲಾವಿದರು ಒಬ್ಬರನ್ನೊಬ್ಬರು ಹೇಗೆ ಕಾಯ್ದುಕೊಳ್ಳುತ್ತಾರೆಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದು ಹೊರಟಾಗ ನಮಗೆ ಮೊದಲು ನೆನಪಾದದ್ದು ಈ ಪದವೇ.

ನಗರವಾಸಿಗಳಾದ ನಮಗೆ ಪೌರಾಣಿಕ ನಾಟಕವೆಂದರೆ ಮುಗಿದುಹೋದ ಕಾಲದ ಮಾತೆಂದು ತೋರುವುದು ಸಹಜ. ಗುಬ್ಬಿ ಕಂಪನಿಯವರು ಆನೆ ಕುದುರೆಗಳನ್ನು ರಂಗದ ಮೇಲೆ ತಂದು 'ಕುರುಕ್ಷೇತ್ರ'ವನ್ನು ಆಡಿದರಂತೆ ಎಂದು ಹಿರಿಯರು ಹೇಳುತ್ತಾರೆ. ನಾವು ಕೇಳಿ ಸಂತೋಷಪಡುತ್ತೇವೆ. ಅಲ್ಲಿಗೆ ಆ ಪ್ರಸ್ತಾಪವು ಮುಗಿಯುತ್ತದೆ. ಆದರೆ ಸಂಕ್ರಾಂತಿ ಕಳೆದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹೋಗಿ ನೋಡಿದವರಿಗೆ ಬೇರೆಯ ಸಂಗತಿಯೇ ತಿಳಿದುಬರುತ್ತದೆ. ಊರ ಹಬ್ಬಕ್ಕೊಂದು ನಾಟಕ, ಶಿವರಾತ್ರಿಗೊಂದು ನಾಟಕ, ಯುಗಾದಿಗೊಂದು ನಾಟಕ. ಮಂಡ್ಯದ ಕಲಾಮಂದಿರದ ಗೋಡೆಯ ಮೇಲೆ ಒಂದು ಭಿತ್ತಿಪತ್ರದ ಅಂಟು ಆರುವುದರೊಳಗಾಗಿ ಇನ್ನೊಂದನ್ನು ಅದರ ಮೇಲೆ ಹಚ್ಚುತ್ತಾರೆ. ಕುರುಕ್ಷೇತ್ರ, ದಕ್ಷಯಜ್ಞ, ಶನಿಪ್ರಭಾವ ಇವು ಇಂದಿಗೂ ಬೆಳಗಾಗುವವರೆಗೆ ಜನರನ್ನು ಕೂರಿಸುವ ಶಕ್ತಿಯುಳ್ಳವು.

ಇದಕ್ಕೆ ಮೂಲಕಾರಣ ನೀರೆಂದರೆ ತಪ್ಪಾಗಲಾರದು. ಕೃಷ್ಣರಾಜಸಾಗರದ ನೀರು, ಮೊದಲು ಇರ್ವಿನ್ ನಾಲೆಯೆಂದೂ ಆಮೇಲೆ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರು ಪಡೆದ ಕಾಲುವೆಯಲ್ಲಿ ಈ ಭಾಗಕ್ಕೆ ಹರಿದು ಬಂದಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯನ್ನೇ ನಂಬಿದ್ದ ರೈತನ ಕೈಯಲ್ಲಿ ಭತ್ತ ಮತ್ತು ಕಬ್ಬುಗಳಿಂದ ನಾಲ್ಕು ಕಾಸು ಓಡಾಡುವಂತಾಯಿತು. ಸುಗ್ಗಿಯ ನಂತರದ ಬಿಡುವೂ ಇತ್ತು. ಕಾಸೂ ಬಿಡುವೂ ಕೂಡಿದಲ್ಲಿ ಮನುಷ್ಯನು ಏನು ಮಾಡಿಯಾನೆಂದು ಹೇಳುವುದು ಕಷ್ಟ. ಇಲ್ಲಿಯವನು ಮುಖಕ್ಕೆ ಬಣ್ಣ ಹಚ್ಚಿ ಕಿರೀಟವಿಟ್ಟುಕೊಂಡನು.

ಈ ನಾಟಕಗಳ ವ್ಯವಸ್ಥೆ ನಮ್ಮ ಊಹೆಗೆ ತಲೆಕೆಳಗಾಗಿ ಕಾಣತಕ್ಕದ್ದು. ಕಂಪನಿ ನಾಟಕದಲ್ಲಿ ನಟನಿಗೆ ಸಂಬಳ. ಇಲ್ಲಿಯಾದರೋ ನಟನೇ ಹಣ ಕೊಡಬೇಕು. ಊರಿನವರು ಸೇರಿ ಒಂದು ಕಲಾಸಂಘವನ್ನು ಮಾಡಿಕೊಂಡು ಪಾತ್ರಗಳನ್ನು ಹಂಚುತ್ತಾರೆ. ಒಂದೊಂದು ಪಾತ್ರಕ್ಕೂ ಒಂದೊಂದು ಬೆಲೆ. ದುರ್ಯೋಧನ, ಕೃಷ್ಣ ಮೊದಲಾದವರಿಗೆ ಬೆಲೆ ಹೆಚ್ಚು. ಧರ್ಮರಾಯನಾಗಬೇಕೆಂದು ಜಗಳವಾದದ್ದನ್ನು ನಾವು ಕೇಳಿಲ್ಲ. ಹೀಗೆ ಒಟ್ಟುಗೂಡಿದ ಹಣದಿಂದ ಬದುಕತಕ್ಕವರು ಬೇರೆ ಇದ್ದಾರೆ. ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಊರಿಗೆ ಬಂದು, ನೇಗಿಲು ಹಿಡಿದ ಗಂಟಲಿಗೆ ಕಂದಪದ್ಯವನ್ನು ಕಲಿಸುವ ಹಾರ್ಮೋನಿಯಂ ಮಾಸ್ತರರು, ತಬಲದವರು, ಪರದೆ, ಸಿಂಹಾಸನ, ಕಿರೀಟ, ಗದೆಗಳನ್ನು ಬಾಡಿಗೆಗೆ ಕೊಡುವ ಸೀನರಿಯವರು, ಬಣ್ಣ ಹಚ್ಚುವವರು, ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಗಳಿಗೆ ಆ ಒಂದು ದಿನಕ್ಕೆಂದು ಬರುವ ವೃತ್ತಿಯ ನಟಿಯರು. ನಟಿಯು ಇಂದು ಮದ್ದೂರಿನ ಬಳಿ ಒಬ್ಬ ದುರ್ಯೋಧನನಿಗೆ ಭಾನುಮತಿಯಾದರೆ ನಾಳೆ ಮಳವಳ್ಳಿಯ ಬಳಿ ಇನ್ನೊಬ್ಬನಿಗೆ ಭಾನುಮತಿ. ಎದುರಿನವನ ಮುಖವನ್ನೇ ಕಾಣದೆ ಬಂದು, ಅವನು ಮರೆತ ಮಾತನ್ನು ತಾನೇ ಮೆಲ್ಲನೆ ಎತ್ತಿಕೊಟ್ಟು, ನಾಟಕವನ್ನು ದಡ ಸೇರಿಸುವವಳು ಅವಳು. ಇವರೆಲ್ಲರ ವರ್ಷದ ಗಳಿಕೆ ಬಹುಮಟ್ಟಿಗೆ ಜನವರಿಯಿಂದ ಮೇ ತಿಂಗಳವರೆಗಿನ ಐದು ತಿಂಗಳಲ್ಲಿ ಆಗಬೇಕು. ಮಿಕ್ಕ ತಿಂಗಳುಗಳನ್ನು ಆ ಗಳಿಕೆಯಲ್ಲಿ ಉಳಿದದ್ದರಿಂದಲೂ ಇಲ್ಲವೆ ಹೊಲದ ಕೂಲಿಯಿಂದಲೂ ನೂಕಬೇಕು.

ಇಂತಹವರ ನಡುವೆ ಮುಯ್ಯಿಯ ಧರ್ಮವು ಬೇರೂರಿದುದರಲ್ಲಿ ಆಶ್ಚರ್ಯವಿಲ್ಲ. ಒಬ್ಬ ನಟಿಗೆ ಜ್ವರ ಬಂದರೆ ಇನ್ನೊಬ್ಬಳು ಆ ಪಾತ್ರವನ್ನು ಮಾಡಿ, ಬಂದ ಹಣದಲ್ಲಿ ಒಂದು ಪಾಲನ್ನು ಮಲಗಿದವಳಿಗೆ ಮುಟ್ಟಿಸುತ್ತಾಳೆ. ಮಾಸ್ತರರೊಬ್ಬರು ಹಾಸಿಗೆ ಹಿಡಿದರೆ ನೆರೆಯೂರಿನ ಮಾಸ್ತರರು ಅವರ ಶಿಷ್ಯರ ಅಭ್ಯಾಸವನ್ನು ಮುಗಿಸಿಕೊಡುತ್ತಾರೆ. ಗುರುಕಾಣಿಕೆ ಮಾತ್ರ ಮೊದಲಿನವರಿಗೇ. ಇದಕ್ಕೆ ಕರಾರಿಲ್ಲ, ಸಾಕ್ಷಿಯಿಲ್ಲ. ತಪ್ಪಿದವನಿಗೆ ಮುಂದಿನ ಸಲ ಯಾರೂ ಆಗಿಬರುವುದಿಲ್ಲವೆಂಬ ಭಯವೊಂದೇ ಕಾನೂನು.

ಕಂಪನಿಗಳ ಕಾಲದಲ್ಲಿಯೂ ಇದು ಬೇರೊಂದು ರೂಪದಲ್ಲಿ ಇದ್ದಿತು. ಕಷ್ಟದಲ್ಲಿರುವ ನಟನ ಹೆಸರಿನಲ್ಲಿ ಸಹಾಯಾರ್ಥ ನಾಟಕವನ್ನಾಡಿ ಆ ರಾತ್ರಿಯ ಉತ್ಪತ್ತಿಯನ್ನು ಅವನಿಗೆ ಒಪ್ಪಿಸುವುದು ವಾಡಿಕೆಯಾಗಿತ್ತು. ಆ ಶಾಲೆಯಲ್ಲಿ ಬೆಳೆದವರು ಚಲನಚಿತ್ರಕ್ಕೆ ಹೋದ ಮೇಲೂ ಇದನ್ನು ಮರೆಯಲಿಲ್ಲ. 1950ರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳ ತಯಾರಿಕೆ ತೀರ ಕುಗ್ಗಿ, ನಟರಿಗೆ ಕೆಲಸವಿಲ್ಲದಂತಾದಾಗ, ಗುಬ್ಬಿ ಕಂಪನಿಯ ಅನ್ನವುಂಡಿದ್ದ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಈ ನಾಲ್ವರು ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ಊರೂರು ತಿರುಗಿ ನಾಟಕವಾಡಿದರು. ಕಡೆಗೆ ತಾವೇ ನಿರ್ಮಾಪಕರಾಗಿ 'ರಣಧೀರ ಕಂಠೀರವ'ವನ್ನು ತಯಾರಿಸಿದರು. 1960ರಲ್ಲಿ ಅದು ತೆರೆಗೆ ಬಂದಿತು. ಅಂದು ಆ ನಾಲ್ವರು ಬೇರೆ ಬೇರೆ ದಾರಿ ಹಿಡಿದಿದ್ದರೆ ಕನ್ನಡ ಚಿತ್ರದ ಕಥೆ ಏನಾಗುತ್ತಿತ್ತೋ ಹೇಳಬಲ್ಲವರಾರು? ಚಿತ್ರ ಕೈಕೊಟ್ಟಾಗ ಅವರನ್ನು ಹೊತ್ತದ್ದು ನಾಟಕ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ಮಳವಳ್ಳಿಯ ಕಡೆಯ ನೀಲಗಾರರ ರೀತಿ ಇದಕ್ಕಿಂತ ಹಳೆಯದು. ಅವರು ಮಂಟೇಸ್ವಾಮಿಯ ಪರಂಪರೆಯ ಗಾಯಕರು. ತಂಬೂರಿ, ಗಗ್ಗರ, ತಾಳ, ದಮ್ಮಡಿಗಳನ್ನು ಹಿಡಿದು ಇರುಳೆಲ್ಲ ಕಥೆ ಹಾಡುತ್ತಾರೆ. ಮಳವಳ್ಳಿ ಮಹದೇವಸ್ವಾಮಿಯವರ ಕಂಠದಿಂದ ಧ್ವನಿಸುರುಳಿಗಳ ಮೂಲಕ ಆ ಕಥೆ ನಗರದ ಮನೆಗಳಿಗೂ ಬಂದಿದೆ. ಸಿದ್ದಪ್ಪಾಜಿಯು ಕಬ್ಬಿಣವನ್ನು ಭಿಕ್ಷೆ ಬೇಡಲು ಹೋದ ಹಲಗೂರು ಈ ಮಳವಳ್ಳಿ ತಾಲ್ಲೂಕಿನದೇ. ಭಿಕ್ಷವೆಂದರೆ ನಾವು ಹೀನವೆಂದು ತಿಳಿಯುತ್ತೇವೆ. ನೀಲಗಾರನಿಗೆ ಅದು ಗುರುವಿನ ಅಪ್ಪಣೆ. ಜೋಳಿಗೆಗೆ ಬಿದ್ದ ಧಾನ್ಯದಲ್ಲಿ ಮುಂದೆ ನಿಂತು ಹಾಡಿದವನಿಗೂ ಹಿಂದೆ ನಿಂತು ಸೊಲ್ಲು ಹಿಡಿದವನಿಗೂ ಪಾಲುಂಟು.

ಇನ್ನು 2020ನೆಯ ಇಸವಿಗೆ ಬರೋಣ. ಆ ವರ್ಷ ಯುಗಾದಿ ಬಿದ್ದದ್ದು ಮಾರ್ಚ್ 25ರಂದು. ದೇಶವನ್ನೆಲ್ಲ ಮುಚ್ಚಿದ್ದೂ ಅದೇ ದಿನ. ನಾಟಕದವರ ಪಾಲಿಗೆ ಇದಕ್ಕಿಂತ ಕೆಟ್ಟ ಮುಹೂರ್ತವಿರಲಾರದು: ಬಣ್ಣ ಕಲಸಿಯಾಗಿತ್ತು, ಪರದೆ ಗಾಡಿಗೆ ಏರಿತ್ತು, ಅಂದಿನಿಂದ ಎರಡು ತಿಂಗಳ ರಾತ್ರಿಗಳಿಗೆ ವೀಳ್ಯ ಹಿಡಿದಾಗಿತ್ತು. ಏಪ್ರಿಲ್ ತಿಂಗಳಲ್ಲಿ ಮಳವಳ್ಳಿ ಪಟ್ಟಣದಲ್ಲಿಯೇ ಕೊರೋನ ಸೋಂಕು ಕಾಣಿಸಿಕೊಂಡು ಬೀದಿಗಳಿಗೆ ಅಡ್ಡಗಟ್ಟಿದರು. 2021ರಲ್ಲಿ ಯುಗಾದಿಯ ನಾಟಕಗಳು ಇನ್ನೇನು ಚಿಗುರಿದವೆನ್ನುವಷ್ಟರಲ್ಲಿ ಏಪ್ರಿಲ್ ಕೊನೆಗೆ ಮತ್ತೆ ಬಾಗಿಲು ಮುಚ್ಚಿತು. ಸಾಲಾಗಿ ಎರಡು ಸುಗ್ಗಿಗಳು ಹೋದವು.

ಮುಯ್ಯಿಯ ಬಲವೂ ಅದರ ಮೇರೆಯೂ ನಮಗೆ ತಿಳಿದದ್ದು ಆಗ. ಮುಯ್ಯಿ ನಡೆಯಬೇಕಾದರೆ ಒಬ್ಬನು ಬಿದ್ದಾಗ ಇನ್ನೊಬ್ಬನು ನಿಂತಿರಬೇಕು. ನಟಿಯೂ ಮಾಸ್ತರರೂ ಸೀನರಿಯವರೂ ಒಂದೇ ದಿನ ಬಿದ್ದರೆ ಎತ್ತುವವರಾರು? ಮೊದಲ ವಾರಗಳಲ್ಲಿ ಅಕ್ಕಿ ಇದ್ದವರು ಇಲ್ಲದವರಿಗೆ ಕೊಟ್ಟರು. ಸೀನರಿಯವರು ಹಳೆಯ ಬಾಕಿಯನ್ನು ಕೇಳಲಿಲ್ಲ. ಆಮೇಲೆ ಕೊಡಲು ಯಾರ ಬಳಿಯೂ ಇರಲಿಲ್ಲ. ಸರ್ಕಾರವು 2021ರ ಮೇ ತಿಂಗಳಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿಗಳ ನೆರವನ್ನು ಘೋಷಿಸಿತು. ಅದು ಒಳ್ಳೆಯ ಕಾರ್ಯ. ಆದರೆ ಪರದೆ ಎಳೆಯುವವನು, ಕಿರೀಟಕ್ಕೆ ಬೇಗಡೆ ಅಂಟಿಸುವವನು ತಾನು ಕಲಾವಿದನೆಂದು ಯಾವ ಕಾಗದವನ್ನು ತೋರಿಸಿಯಾನು?

ಆಗ ಉಳಿಸಿದವರು ಯಾರೆಂದರೆ, ನಾವು ನಕ್ಕ ಆ ದುರ್ಯೋಧನರು. ಪಾತ್ರಕ್ಕೆ ಹಣ ಕೊಟ್ಟು ವೇಷ ಕಟ್ಟುವ ರೈತನನ್ನು ನಗರದ ವಿಮರ್ಶಕರು ಹವ್ಯಾಸಿಯೆಂದೂ ಖಯಾಲಿಯವನೆಂದೂ ಹಳಿಯುವುದುಂಟು. ಅವನ ಹಾಡುಗಾರಿಕೆಯನ್ನು ನಾವೂ ಎಲ್ಲ ಸಮಯದಲ್ಲಿ ಹೊಗಳಲಾರೆವು. ಆದರೆ 2019ರಲ್ಲಿ ಕೃಷ್ಣರಾಜಸಾಗರವು ತುಂಬಿತ್ತು. ನಾಲೆಯಲ್ಲಿ ನೀರು ಹರಿದಿತ್ತು. ರೋಗವು ಬಂದಾಗ ಅವನ ಕಣಜದಲ್ಲಿ ಭತ್ತವಿತ್ತು. ಪೇಟೆ ಮುಚ್ಚಿದ್ದರಿಂದ ಮಾರಲಾರನು, ಆದರೆ ಕೊಡಬಲ್ಲನು. ಹಿಂದೆ ತನಗೆ ಪಾಠ ಹೇಳಿದ ಮಾಸ್ತರರ ಮನೆಗೆ ಒಂದು ಮೂಟೆ ಅಕ್ಕಿಯನ್ನೋ ಎರಡು ಸೇರು ಬೇಳೆಯನ್ನೋ ಮುಟ್ಟಿಸಿದ ಶಿಷ್ಯರು ಒಬ್ಬಿಬ್ಬರಲ್ಲ. ಅದನ್ನು ದಾನವೆನ್ನಲು ಕೊಟ್ಟವರೂ ಒಪ್ಪಲಿಲ್ಲ, ಪಡೆದವರೂ ಒಪ್ಪಲಿಲ್ಲ. ಗುರುಕಾಣಿಕೆಯೆಂದರು.

ವೀಳ್ಯದ ವಿಷಯವೊಂದನ್ನು ಬಿಡಿಸಿ ಹೇಳಬೇಕು. ವೀಳ್ಯವೆಂದರೆ ಎಲೆಯಡಿಕೆಯೊಡನೆ ಕೊಡುವ ಮುಂಗಡ. ನಟಿಯರು ಆ ಹಣವನ್ನು ಕೊಂಡು ಮಕ್ಕಳ ಶಾಲೆಗೋ ಔಷಧಿಗೋ ವೆಚ್ಚ ಮಾಡಿಯಾಗಿತ್ತು. ನಾಟಕ ನಿಂತುಹೋಯಿತು, ಹಣ ಯಾರದು? ಕೆಲವು ಸಂಘಗಳವರು ಹಿಂದಕ್ಕೆ ಕೇಳಿದರು. ಅವರನ್ನೂ ದೂರುವಂತಿಲ್ಲ, ಅದು ಹತ್ತಾರು ಜನರ ಚಂದಾ ಹಣ. ಹಲವರು ಮಾತ್ರ 'ಇರಲಿ ತಾಯಿ, ಮುಂದಿನ ವರ್ಷ ಬಂದು ಕುಂತಿಯನ್ನು ಮಾಡಿಕೊಡು' ಎಂದರು. ಮುಂದಿನ ವರ್ಷವೂ ನಾಟಕವಾಗಲಿಲ್ಲ. ಮೂರನೆಯ ವರ್ಷ ರಂಗವು ಮತ್ತೆ ತೆರೆದಾಗ, ಹಳೆಯ ವೀಳ್ಯಕ್ಕೆ ಹೊಸ ಹಣ ಕೇಳದೆ ಬಂದು ಪಾತ್ರ ಮಾಡಿ ಹೋದ ನಟಿಯರಿದ್ದಾರೆ. ಅಷ್ಟು ಹೊತ್ತಿಗೆ ಅವರಿಗೆ ಬಸ್ಸಿನ ವೆಚ್ಚವೂ ಭಾರವಾಗಿತ್ತು. ಮುಯ್ಯಿ ಸಲ್ಲಿತೆಂದು ಹೊರಗಿನವರಾದ ನಾವು ಸಂತೋಷಪಡಬಹುದು; ಆ ತಾಯಿಯ ಮನೆಯಲ್ಲಿ ಆ ರಾತ್ರಿಯ ಊಟದ ಲೆಕ್ಕವೇ ಬೇರೆ.

2023ರಲ್ಲಿ ಕಥೆ ತಿರುವುಮುರುವಾಯಿತು. ರೋಗವಿಲ್ಲ, ತಡೆಯಿಲ್ಲ, ಆದರೆ ಮಳೆ ಕೈಕೊಟ್ಟು ಕೃಷ್ಣರಾಜಸಾಗರ ತುಂಬಲಿಲ್ಲ. ಇದ್ದ ನೀರಿಗಾಗಿ ಮಂಡ್ಯದ ಬೀದಿಗಳಲ್ಲಿ ರೈತರು ಧರಣಿ ಕುಳಿತರು. ಗದ್ದೆ ಒಣಗಿದವನು ದುರ್ಯೋಧನನ ಪಾತ್ರಕ್ಕೆ ಹಣ ಕಟ್ಟಿಯಾನೆ? ಅಂದು ರೈತನೇ ಬಿದ್ದಿದ್ದನು, ಅವನನ್ನು ಆತುಕೊಂಡಿದ್ದ ರಂಗವೂ ಅವನೊಡನೆ ಕುಸಿಯಿತು. ಹೀಗೆ ಕಲಾವಿದರ ಮುಯ್ಯಿಗೆ ಎರಡು ಕಾಲುಗಳು: ಒಂದು ತಮ್ಮೊಳಗಿನದು, ಇನ್ನೊಂದು ನಾಲೆಯ ನೀರಿನದು. ಒಂದು ಊನವಾದರೆ ಕುಂಟುತ್ತಾದರೂ ನಡೆದೀತು.

ಹೀಗಿರುವುದರಿಂದ, ನೀರಿದ್ದ ವರ್ಷದಲ್ಲಿಯೇ ನೀರಿಲ್ಲದ ವರ್ಷಕ್ಕೆ ಏನಾದರೂ ಎತ್ತಿಡುವ ಉಪಾಯ ಬೇಕು. ನಮಗೆ ತೋರಿದ್ದನ್ನು ಹೇಳುತ್ತೇವೆ. ಪಾತ್ರಗಳಿಗೆ ಬೆಲೆ ಕಟ್ಟುವ ದಿನ ಸಂಘದವರು ನಾಟಕದಲ್ಲಿಲ್ಲದ ಒಂದು ಪಾತ್ರಕ್ಕೂ ಬೆಲೆ ಕಟ್ಟಿ, ಅದನ್ನು ಎಲ್ಲರ ಮೇಲೂ ಹಂಚಿ, ಆ ಹಣವನ್ನು ಬೇರೆ ಇಡಬಹುದು. ಹೋಬಳಿಗೊಂದರಂತೆ ಆ ಮೊತ್ತಗಳು ಕೂಡಿದರೆ, ಕಾಯಿಲೆ ಬಿದ್ದ ನಟಿಗೂ ಪರದೆ ಎಳೆಯುವವನಿಗೂ ಕಾಗದಪತ್ರಗಳನ್ನು ಕೇಳದೆ ಕೊಡಲು ಒಂದು ಗಂಟು ಆದೀತು. ನಗರದಿಂದ ನಾಟಕ ನೋಡಲು ಹೋಗುವ ನಾವೂ ಮುಂದಿನ ಸಾಲಿನಲ್ಲಿ ಪುಕ್ಕಟೆಯಾಗಿ ಕೂರುವ ಬದಲು ಅದಕ್ಕೆ ಒಂದಿಷ್ಟು ಸೇರಿಸಬಹುದು. ಲೆಕ್ಕ ಬರೆಯುವ ಕೆಲಸವನ್ನು ಮಾತ್ರ ಹಾರ್ಮೋನಿಯಂ ಮಾಸ್ತರರ ತಲೆಗೆ ಕಟ್ಟಕೂಡದು. ಅವರಿಗೆ ಶ್ರುತಿ ಸೇರದ ಭೀಮನೊಬ್ಬನೇ ಸಾಕು. ಮದುವೆಯ ಮನೆಯಲ್ಲಿ ಬಾಗಿಲ ಬಳಿ ಕುಳಿತು ಮುಯ್ಯಿ ಬರೆಯುವವರು ಪ್ರತಿಯೊಂದು ಊರಿನಲ್ಲಿಯೂ ಒಬ್ಬರಿರುತ್ತಾರೆ. ಅವರ ಕೈಗೆ ಇನ್ನೊಂದು ಪುಸ್ತಕವನ್ನು ಕೊಟ್ಟರಾಯಿತು.