ಸೂಜಿಯ ಮೊನೆ ಮತ್ತು ನಮ್ಮ ಹೊಣೆ

(ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ದಾರಿಯಲ್ಲಿ ಬಿದ್ದಿರುವ ಹಾನಿಕರ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿಕೊಟ್ಟಿರುವುದನ್ನು ನಾವೆಲ್ಲರೂ ಬಲ್ಲೆವು. ಮದ್ರಸದ ಮಕ್ಕಳಿಗೆ ಇದನ್ನು ಕಲ್ಲು-ಮುಳ್ಳುಗಳ ಉದಾಹರಣೆ ನೀಡಿ ವಿವರಿಸುತ್ತೇವೆ. ಆದರೆ ನಮ್ಮ ಮನೆಯಿಂದಲೇ ಬೀದಿಗೆ ಬೀಳುವ ಮುಳ್ಳೊಂದಿದೆ. ಅದರ ಕುರಿತು ನಮ್ಮ ಮಿಂಬರ್‌ಗಳು ಮಾತನಾಡುವುದು ವಿರಳ. ಬಳಸಿ ಎಸೆದ ಚುಚ್ಚುಮದ್ದಿನ ಸೂಜಿಯೇ ಆ ಮುಳ್ಳು.

ಸಕ್ಕರೆ ಕಾಯಿಲೆ ಇಂದು ಶ್ರೀಮಂತರ ರೋಗವಾಗಿ ಉಳಿದಿಲ್ಲ. ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವ ಒಬ್ಬ ರೋಗಿ ಪ್ರತಿಸಲವೂ ಹೊಸ ಸೂಜಿ ಬಳಸಿದರೆ ವರ್ಷಕ್ಕೆ 730 ಸೂಜಿಗಳಾಗುತ್ತವೆ. ಇವು ಎಲ್ಲಿಗೆ ಹೋಗುತ್ತವೆ? ತರಕಾರಿ ಸಿಪ್ಪೆಯ ಜೊತೆ ಪ್ಲಾಸ್ಟಿಕ್ ಕವರಿಗೆ. ಅಲ್ಲಿಂದ ಕೈಗವಸಿಲ್ಲದೆ ಕಸ ಎತ್ತುವ ಪೌರಕಾರ್ಮಿಕರ ಬೆರಳಿಗೆ. ಆ ಬಳಿಕ ಚಿಂದಿ ಆಯುವ ಮಗುವಿನ ಚೀಲಕ್ಕೆ ಮತ್ತು ಗುಜರಿ ಅಂಗಡಿಯ ರಾಶಿಗೆ. ಗುಜರಿ ವ್ಯಾಪಾರವನ್ನೇ ನಂಬಿರುವ ಕುಟುಂಬಗಳು ನಮ್ಮ ಸಮುದಾಯದಲ್ಲಿಯೂ ಇವೆ. ನಾವು ಎಸೆದ ಸೂಜಿ ನಮ್ಮ ನೆರೆಯವನನ್ನೇ ಹುಡುಕಿಕೊಂಡು ಹೋಗುತ್ತದೆ.

ಇದು ಬರಿಯ ಭಯವಲ್ಲ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಸೋಂಕಿತನ ರಕ್ತವಿರುವ ಸೂಜಿ, ಲಸಿಕೆ ಪಡೆಯದ 100 ಮಂದಿಗೆ ಚುಚ್ಚಿದರೆ 30 ಮಂದಿಯವರೆಗೆ ಆ ರೋಗ ತಗಲಬಹುದೆಂದು ಆಸ್ಪತ್ರೆ ಸಿಬ್ಬಂದಿಯ ಕುರಿತ ಅಧ್ಯಯನಗಳು ಹೇಳುತ್ತವೆ. ಎಚ್‌ಐವಿಯ ವಿಷಯದಲ್ಲಿ ಈ ಪ್ರಮಾಣ 1000ಕ್ಕೆ ಸುಮಾರು 3. 2009ರ ಆರಂಭದಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತಮುತ್ತ ಹೆಪಟೈಟಿಸ್ ಬಿ ಹಬ್ಬಿ 40ಕ್ಕೂ ಹೆಚ್ಚು ಜನರು ಸತ್ತರು. ಒಮ್ಮೆ ಬಳಸಿದ ಸಿರಿಂಜುಗಳನ್ನು ಮತ್ತೆ ಬಳಸಿದ್ದು ಮತ್ತು ಹಳೆಯ ಸಿರಿಂಜುಗಳನ್ನು ಕಲೆಹಾಕಿ ಮಾರುತ್ತಿದ್ದುದು ಆಗ ಬಯಲಾಯಿತು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವೊ ಜಿಲ್ಲೆಯ ಬಾಂಗರ್‌ಮವುನಲ್ಲಿ ಹತ್ತಾರು ಜನರಲ್ಲಿ ಎಚ್‌ಐವಿ ಪತ್ತೆಯಾದಾಗ, ಒಂದೇ ಸೂಜಿಯಿಂದ ಹಲವರಿಗೆ ಚುಚ್ಚುತ್ತಿದ್ದ ನಕಲಿ ವೈದ್ಯನ ಮೇಲೆ ಆರೋಪ ಬಂತು. ಎರಡೂ ಕಡೆ ಬಲಿಯಾದವರು ಚಿಕಿತ್ಸೆಯನ್ನು ನಂಬಿದ್ದವರು.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ಗೃಹತ್ಯಾಜ್ಯದ ಪಟ್ಟಿಗೆ ಸೇರಿಸಿ, ಅವುಗಳನ್ನು ಬೇರೆಯಾಗಿ ಸಂಗ್ರಹಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದವು. ಅದೇ ವರ್ಷದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಸ್ಪತ್ರೆಯ ಸೂಜಿಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯನ್ನು ಕಡ್ಡಾಯಗೊಳಿಸಿದವು. ಆದರೆ ಚುನಾವಣೆಯಲ್ಲಿ ರಸ್ತೆ, ಚರಂಡಿಯ ಮಾತಾಡುವ ನಾಯಕರು ಈ ಡಬ್ಬಿಯ ಮಾತಾಡುವುದಿಲ್ಲ. ನಾವೂ ಕೇಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ರೋಗಿಯ ಸೂಜಿಯ ಮಾತು. ಇನ್ನೊಂದು ಸೂಜಿಯಿದೆ, ಅದರ ಹೆಸರೆತ್ತಲೂ ನಾವು ನಾಚುತ್ತೇವೆ. ಅದು ಅಮಲಿಗೆ ದಾಸನಾದ ಯುವಕನ ಸೂಜಿ. ನಮ್ಮ ಊರುಗಳಲ್ಲಿ ಅಂಥವರು ಎಷ್ಟು ಮಂದಿ ಎಂದು ಎಣಿಸುವುದು ನಮ್ಮ ಉದ್ದೇಶವಲ್ಲ. ಒಬ್ಬನಿದ್ದರೂ ಅವನು ಯಾರದೋ ಮಗ. ಅವನನ್ನು ಮೊಹಲ್ಲಾದಿಂದ ಅಟ್ಟಿದರೆ ಅವನ ಅಮಲು ನಿಲ್ಲುವುದಿಲ್ಲ. ಸೂಜಿ ಪಾಳು ಕಟ್ಟಡಕ್ಕೋ ರೈಲುಹಳಿಯ ಬದಿಗೋ ಸ್ಥಳಾಂತರವಾಗುತ್ತದೆ, ಅಷ್ಟೆ.

ಇದಕ್ಕೆ ಜಗತ್ತು ಕಂಡುಕೊಂಡ ದಾರಿಯೇ 'ಹಾನಿ ತಗ್ಗಿಸುವ' ಕಾರ್ಯಕ್ರಮ. ಹಳೆಯ ಸೂಜಿಯನ್ನು ಮರಳಿ ಪಡೆದು ಹೊಸದನ್ನು ಕೊಡುವುದು, ರಕ್ತ ಪರೀಕ್ಷೆ ಮಾಡಿಸುವುದು, ಚಿಕಿತ್ಸೆಯ ಬಾಗಿಲನ್ನು ತೆರೆದಿಡುವುದು ಅದರ ಕ್ರಮ. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೂಜಿ ವಿನಿಮಯ ಆರಂಭವಾಯಿತು. ಎಚ್‌ಐವಿಯಿಂದ ತತ್ತರಿಸಿದ್ದ ಮಣಿಪುರದಲ್ಲಿ 1990ರ ದಶಕದಲ್ಲಿ ಇದು ಬಂತು. ನಮ್ಮ ದೇಶದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಇದನ್ನು ಅಧಿಕೃತವಾಗಿ ಅಂಗೀಕರಿಸಿದೆ. ಅದರ ಕಾರ್ಯಕರ್ತರು ಬಿದ್ದ ಸೂಜಿಗಳನ್ನು ಚಿಮಟದಿಂದ ಎತ್ತಿ ಗಟ್ಟಿ ಡಬ್ಬಿಗೆ ಹಾಕುತ್ತಾರೆ.

'ಇದು ಹರಾಮ್‌ಗೆ ನೆರವಾದಂತಲ್ಲವೇ?' ಎಂಬ ಪ್ರಶ್ನೆ ಸಹಜ. ಮುಸ್ಲಿಮ್ ಬಹುಸಂಖ್ಯಾತ ಮಲೇಷ್ಯಾದಲ್ಲಿಯೂ ಇದೇ ಆಕ್ಷೇಪವೆದ್ದಿತ್ತು. ಆದರೂ 2006ರಲ್ಲಿ ಅಲ್ಲಿ ಸೂಜಿ ವಿನಿಮಯ ಜಾರಿಗೆ ಬಂತು. ಇರಾನ್ ಅದಕ್ಕೂ ಮೊದಲೇ ಆ ದಾರಿ ಹಿಡಿದಿತ್ತು. ಅಮಲು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಹಾನಿಗಳು ಎದುರಾದಾಗ ದೊಡ್ಡದನ್ನು ತಡೆಯಲು ಚಿಕ್ಕದನ್ನು ಸಹಿಸಬೇಕೆಂಬ ತತ್ವ ನಮ್ಮ ಫಿಕ್‌ಹ್‌ನಲ್ಲಿಯೇ ಇದೆ. ಪ್ರಾಣರಕ್ಷಣೆ ಶರೀಅತ್‌ನ ಮೂಲ ಉದ್ದೇಶಗಳಲ್ಲೊಂದು. ಅಮಲುಗಾರನ ಪತ್ನಿ ಮತ್ತು ಅವಳ ಗರ್ಭದಲ್ಲಿರುವ ಶಿಶು ಯಾವ ಪಾಪವನ್ನು ಮಾಡಿದ್ದಾರೆ?

ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದು ಮನೆಯಲ್ಲಿ. ಬಳಸಿದ ಕೂಡಲೇ ಸೂಜಿಯನ್ನು ಫಿನಾಯಿಲ್ ಬಾಟಲಿಯಂತಹ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಿರಿ. 'ಸೂಜಿ ಇದೆ, ತೆರೆಯಬೇಡಿ' ಎಂದು ಬರೆಯಿರಿ. ಮುಕ್ಕಾಲು ತುಂಬಿದಾಗ ಟೇಪು ಸುತ್ತಿ ಆಸ್ಪತ್ರೆಗೆ ತಲುಪಿಸಿರಿ. ಸುಡಬೇಡಿ, ಶೌಚಾಲಯಕ್ಕೆ ಹಾಕಬೇಡಿ.

ಎರಡನೆಯದು ಜಮಾಅತ್‌ಗಳ ಕೆಲಸ. ಬೀರೂರಿನಲ್ಲಿ ಕವಲೊಡೆಯುವ ಹಳಿ ಒಂದೆಡೆ ತರೀಕೆರೆಗೂ ಇನ್ನೊಂದೆಡೆ ಅಜ್ಜಂಪುರಕ್ಕೂ ಹೋಗುತ್ತದೆ. ಕಡೂರು ಪಕ್ಕದಲ್ಲೇ ಇದೆ. ಇಷ್ಟು ಹತ್ತಿರದ ಮೂರು ಊರುಗಳ ಮಸೀದಿ ಸಮಿತಿಗಳು ಜೊತೆಗೂಡಿ ಸರಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಕಾಣಲಿ. ಮನೆಗಳ ಡಬ್ಬಿಗಳನ್ನು ತಿಂಗಳಿಗೊಮ್ಮೆ ಸ್ವೀಕರಿಸುವಂತೆ ಕೋರಲಿ. ಇದು ಕೇವಲ ಮುಸ್ಲಿಮರ ಮನೆಗಳಿಗೆ ಸೀಮಿತವಾಗದಿರಲಿ. ಪೌರಕಾರ್ಮಿಕರಿಗೆ ದಪ್ಪ ಕೈಗವಸು ಮತ್ತು ಹೆಪಟೈಟಿಸ್ ಬಿ ಲಸಿಕೆ ದೊರೆಯಲೆಂದು ಸ್ಥಳೀಯ ಆಡಳಿತಕ್ಕೆ ಲಿಖಿತ ಮನವಿ ಸಲ್ಲಿಸಲಿ.

ಮೂರನೆಯದು ಅರಿವು. ಸೂಜಿ ಚುಚ್ಚಿದರೆ ಹಿಂಡಬಾರದು, ಬಾಯಿಂದ ಹೀರಬಾರದು. ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆದು ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು, ಬೇಗವಾದಷ್ಟೂ ಒಳ್ಳೆಯದು. ಮಾಹಿತಿಗೆ 1097 ಎಂಬ ಉಚಿತ ಸಹಾಯವಾಣಿ ಇದೆ. ಅಮಲಿನಿಂದ ಬಿಡಿಸಿಕೊಳ್ಳಲು 14446 ಇದೆ.

ಸಹೋದರರೇ, ಸ್ವಚ್ಛತೆಯನ್ನು ಧರ್ಮದ ಭಾಗವೆಂದು ನಂಬುವ ಸಮುದಾಯ ನಮ್ಮದು. ವುಝೂ ಮಾಡುವ ನಮ್ಮ ಕೈಗಳಷ್ಟೇ ಶುದ್ಧವಾದರೆ ಸಾಲದು. ನಮ್ಮ ಕಸ ಎತ್ತುವ ಕೈಗಳೂ ಸುರಕ್ಷಿತವಾಗಿರಬೇಕು. ಅಲ್ಲಾಹನು ನಮಗೆ ಅದಕ್ಕೆ ಸದ್ಬುದ್ಧಿಯನ್ನೂ ಶಕ್ತಿಯನ್ನೂ ಅನುಗ್ರಹಿಸಲಿ, ಆಮೀನ್.