ಬೀಗ ನಮ್ಮದೇ, ಹೊರಗೆ ನಿಂತವರೂ ನಾವೇ

(ರಬಾಳೆಯಲ್ಲಿ ಕೂಡಿದ ಸದಸ್ಯರ ಸಭೆಯಲ್ಲಿ ಸಂಘಟನಾ ಕಾರ್ಯದರ್ಶಿಯವರು ಮಾಡಿದ ಭಾಷಣ)



ಲಾಕೌಟ್ ಎಂಬ ಮಾತು ನಮ್ಮವರಿಗೆ ಹೊಸದಲ್ಲ. ಮಾಲಿಕನು ಗೇಟಿಗೆ ಬೀಗ ಹಾಕಿ, ಕೆಲಸಕ್ಕೆ ಬಂದವರನ್ನು ಬೀದಿಯಲ್ಲಿ ನಿಲ್ಲಿಸುವುದನ್ನು 1947ರ ಔದ್ಯೋಗಿಕ ವಿವಾದಗಳ ಕಾಯಿದೆಯೂ ಅದೇ ಹೆಸರಿನಿಂದ ಕರೆದಿತ್ತು. ಆದರೆ ಕಳೆದ ಜೂನ್ ತಿಂಗಳಲ್ಲಿ ನಮ್ಮ ಸಂಘವು ಕಂಡ ಲಾಕೌಟ್ ಬೇರೆ ಬಗೆಯದು. ಅಲ್ಲಿ ಮಾಲಿಕನೇ ಇರಲಿಲ್ಲ. ಬೀಗ ನಮ್ಮದು, ಮನೆ ನಮ್ಮದು, ಹೊರಗೆ ನಿಂತವರೂ ನಾವೇ. ಆ ಒಂಬತ್ತು ದಿನಗಳ ಲೆಕ್ಕವನ್ನು ತಮ್ಮ ಮುಂದಿಡುವುದು ಸಮಿತಿಯ ಕರ್ತವ್ಯವೆಂದು ತಿಳಿದು ನಾವು ನಿಂತಿದ್ದೇವೆ.

ಸಂಘಕ್ಕೊಂದು ಜಾಲತಾಣ ಉಂಟೆಂಬುದು ತಮಗೆ ಗೊತ್ತು. ಸದಸ್ಯರ ಮಕ್ಕಳಿಗೆ ಕೊಡುವ ವಿದ್ಯಾರ್ಥಿ ಸಹಾಯದ ಅರ್ಜಿಗಳು ಈಗ ಅದರ ಮೂಲಕವೇ ಬರುತ್ತವೆ. ತಾಣವನ್ನು ಕಟ್ಟಿರುವುದು ವರ್ಡ್‌ಪ್ರೆಸ್ ಎಂಬ ಸಾಧನದಿಂದ. 2003ರಲ್ಲಿ ಹುಟ್ಟಿದ ಇದನ್ನು ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ತಾಣಗಳು ಬಳಸುತ್ತವೆ. ಕಾಸು ಕೊಡದೆ ಸಿಕ್ಕುತ್ತದೆ. ಆದರೆ ಎಲ್ಲರ ಮನೆಗೂ ಒಂದೇ ಮಾದರಿಯ ಬಾಗಿಲಿದ್ದರೆ ಕಳ್ಳನಿಗೂ ಅನುಕೂಲ. 2013ರ ಏಪ್ರಿಲಿನಲ್ಲಿ ಸಾವಿರಾರು ಯಂತ್ರಗಳು ಒಟ್ಟಾಗಿ ಇಂಥ ತಾಣಗಳ ಬಾಗಿಲು ತಟ್ಟಿ, ‘ಅಡ್ಮಿನ್’ ಎಂಬ ಹೆಸರಿಗೆ ಒಂದರ ಮೇಲೊಂದು ಪಾಸ್‌ವರ್ಡ್ ಹಾಕಿ ನೋಡಿದ್ದವು. ಅದಕ್ಕಾಗಿಯೇ ಬಾಗಿಲಲ್ಲಿ ಒಬ್ಬ ವಾಚ್‌ಮನ್ ಬೇಕು. ಅವನಿಗೆ ಸೆಕ್ಯೂರಿಟಿ ಪ್ಲಗಿನ್ ಎಂದು ಹೆಸರು.

ಈ ವಾಚ್‌ಮನ್ನನಿಗೆ ಮುಖ ಗುರುತಿಲ್ಲ. ಯಾವ ವಿಳಾಸದಿಂದ ಎಷ್ಟು ಸಲ ತಪ್ಪು ಕೀಲಿ ಹಾಕಿದರು ಎಂಬುದನ್ನು ಮಾತ್ರ ಅವನು ಎಣಿಸುತ್ತಾನೆ. ಹೇಳಿಟ್ಟ ಲೆಕ್ಕ ಮೀರಿತೋ, ಮೊದಲು ಕೆಲವು ನಿಮಿಷ, ಮತ್ತೂ ತಪ್ಪಿದರೆ ಇಡೀ ಒಂದು ದಿನ ಬಾಗಿಲು ಮುಚ್ಚಿಬಿಡುತ್ತಾನೆ.

ಆ ದಿನ ನಮ್ಮ ಖೋಲಿಯಲ್ಲಿ ಐದು ಮಂದಿ ಕುಳಿತಿದ್ದೆವು. ಐವರ ಫೋನುಗಳಿಗೂ ಒಂದೇ ವೈಫೈ. ಆದ್ದರಿಂದ ಹೊರಗೆ ಕಾಣುವ ವಿಳಾಸವೂ ಒಂದೇ. ರಿಜಿಸ್ಟರಿನಲ್ಲಿ ಬರೆದಿದ್ದ ಪಾಸ್‌ವರ್ಡನ್ನು ನೋಡಿ ನೋಡಿ ಹಾಕಿದೆವು. ತಪ್ಪೆಂದಿತು. ‘ಕೊಡಿ ಇಲ್ಲಿ, ನಾನು ಹಾಕುತ್ತೇನೆ’ ಎಂದು ಇನ್ನೊಬ್ಬರು ಹಾಕಿದರು. ಬಾಗಿಲು ಮುಚ್ಚಿತು. ಮರುದಿನ ತೆರೆದಾಗ ಮತ್ತೆ ಅದನ್ನೇ ಹಾಕಿ ಮತ್ತೆ ಮುಚ್ಚಿಸಿಕೊಂಡೆವು. ರಿಜಿಸ್ಟರಿಗೆ ಬರೆದುಕೊಳ್ಳುವಾಗ ಸೊನ್ನೆಯನ್ನು ‘ಓ’ ಎಂಬ ಇಂಗ್ಲಿಷ್ ಅಕ್ಷರವೆಂದು ಬರೆದಿದ್ದೆವೆಂಬುದು ಕೊನೆಗೆ ತಿಳಿಯಿತು. ನಮ್ಮದೇ ಕೈಬರಹ ನಮ್ಮನ್ನು ಹೊರಗಿಟ್ಟಿತು!

ಹೊರಗಿನವರಿಗೆ ತಾಣ ಎಂದಿನಂತೆ ಕಾಣುತ್ತಿತ್ತು. ಅರ್ಜಿಗಳು ಒಳಗೆ ಬೀಳುತ್ತಲೇ ಇದ್ದವು. ತೆಗೆದು ಓದಲು ಮಾತ್ರ ನಮಗೆ ದಾರಿಯಿಲ್ಲ. ಇತ್ತ ಶಾಲೆಗಳು ತೆರೆದವು. ನಮ್ಮ ಸದಸ್ಯರಲ್ಲಿ ಇಬ್ಬರು, ಒಬ್ಬರು ಭಟ್ಟಿಯ ಮುಂದೆ ನಿಲ್ಲುವವರು, ಇನ್ನೊಬ್ಬರು ಸಪ್ಲಾಯರ್, ಸಹಾಯ ಬರುವ ತನಕ ಕಾಯಲಾರದೆ ಬಡ್ಡಿಗೆ ಸಾಲ ತಂದು ಮಕ್ಕಳ ಪುಸ್ತಕ ಕೊಂಡರು. ಆ ಬಡ್ಡಿ ನಮ್ಮ ಅಲಕ್ಷ್ಯದ ಬಡ್ಡಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದುಂಟು. ತಾಣ ಕಟ್ಟಿಕೊಟ್ಟವನು ನಮ್ಮೊಡನೆ ಹೋಟೆಲಿನಲ್ಲಿ ಕ್ಲೀನರ್ ಆಗಿದ್ದು, ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಕಲಿತ ಹುಡುಗ. ಈಗ ಕೊಲ್ಲಿ ದೇಶದಲ್ಲಿದ್ದಾನೆ. ‘ಹೋಗುವಾಗ ಬೀಗ ಹಾಕಿಕೊಂಡೇ ಹೋದ’ ಎಂದು ಸಮಿತಿಯಲ್ಲಿ ಮಾತು ಬಂತು. ಆ ಮಾತನ್ನು ನಾವು ತಡೆಯಲಿಲ್ಲ. ಆಡಿದವರಲ್ಲಿ ನಾವೂ ಸೇರಿದ್ದೆವು. ಊರಿನಲ್ಲಿರುವ ಅವನ ತಾಯಿಯಿಂದ ಹೊಸ ನಂಬರು ಪಡೆದು, ಎಂಟನೆಯ ದಿನ ರಾತ್ರಿ ಫೋನ್ ಮಾಡಿದೆವು. ಅವನು ಅಂದ ಮಾತು ಇಷ್ಟೇ: “ಅಣ್ಣಾ, ತಾಣಕ್ಕೆ ನನ್ನ ಇಮೇಲ್ ಬೇಡ, ಸಂಘದ್ದು ಹಾಕಿ ಎಂದು ಹೊರಡುವ ಮೊದಲು ಮೂರು ಸಲ ಹೇಳಿದ್ದೆ. ಆಮೇಲೆ ನೋಡೋಣ ಅಂದಿರಿ.” ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ದಾರಿ ತೋರಿಸಿದವನೂ ಅವನೇ. ತಾಣಕ್ಕೆ ಜಾಗ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿಯ ಖಾತೆ ಸಂಘದ ಹೆಸರಿನಲ್ಲೇ ಇತ್ತು. ರಸೀದಿ ನಮ್ಮ ಫೈಲಿನಲ್ಲಿತ್ತು. ಮುಂಬಾಗಿಲು ಮುಚ್ಚಿದ್ದರೂ ಆ ಖಾತೆಯೆಂಬ ಹಿಂಬಾಗಿಲಿನಿಂದ ಹೋಗಬಹುದು. ಅಲ್ಲಿ ಕಡತಗಳ ಪಟ್ಟಿಯನ್ನು ತೆರೆದು, ‘ಡಬ್ಲ್ಯುಪಿ-ಕಂಟೆಂಟ್’ ಒಳಗಿನ ‘ಪ್ಲಗಿನ್ಸ್’ನಲ್ಲಿ ಆ ವಾಚ್‌ಮನ್ನನ ಫೋಲ್ಡರಿನ ಹೆಸರನ್ನು ಬದಲಾಯಿಸಿದೆವು. ಹೆಸರು ಬದಲಾದರೆ ತಾಣಕ್ಕೆ ಅವನು ಸಿಕ್ಕುವುದಿಲ್ಲ. ಅವನಿಲ್ಲದೆಯೇ ಬಾಗಿಲು ತೆರೆಯುತ್ತದೆ. ‘ಪಾಸ್‌ವರ್ಡ್ ಮರೆತಿದೆ’ ಎಂಬುದನ್ನು ಒತ್ತಿದೆವು. ಅವನ ಇಮೇಲಿಗೆ ಹೋದ ಕೊಂಡಿಯನ್ನು ಅವನು ನಮಗೆ ಕಳಿಸಿದ. ಹೊಸ ಪಾಸ್‌ವರ್ಡ್ ಹಾಕಿ ಒಳಗೆ ಹೋದೊಡನೆ ಹಳೆಯ ಹೆಸರಿಟ್ಟು ವಾಚ್‌ಮನ್ನನನ್ನು ಮತ್ತೆ ನಿಲ್ಲಿಸಿದೆವು. ಕಾವಲಿಲ್ಲದೆ ಬಿಡತಕ್ಕದ್ದಲ್ಲ. ಇಷ್ಟಕ್ಕೆ ಬೇಕಾದದ್ದು ಅರ್ಧ ಗಂಟೆ.

ಬಂಧುಗಳೇ, ಈ ರಬಾಳೆ, ಐರೋಳಿ, ಮಹಾಪೆಗಳಲ್ಲಿ ದೊಡ್ಡ ದೊಡ್ಡ ಡಾಟಾ ಸೆಂಟರುಗಳು ಎದ್ದಿವೆ. ಅವುಗಳ ಗೇಟಿನ ತನಕ ಚಹಾ ಒಯ್ಯುವವರು ನಮ್ಮಲ್ಲೂ ಇದ್ದಾರೆ. ಒಳಗೆ ಹೋಗಬೇಕಾದರೆ ಪಾಸು ಬೇಕು, ಹೆಸರು ಬರೆಯಬೇಕು. ಒಬ್ಬನು ರಜೆಯಲ್ಲಿದ್ದರೂ ಕೆಲಸ ನಿಲ್ಲುವುದಿಲ್ಲ. ಹೋಟೆಲಿನಲ್ಲಿಯೂ ಹಾಗೆಯೇ. ಗಲ್ಲೆಯ ಎರಡನೆಯ ಕೀಲಿಕೈ ಎಲ್ಲಿದೆಯೆಂದು ಧಣಿಗೆ ಗೊತ್ತಿರುತ್ತದೆ. ಸಂಘಕ್ಕೆ ಮಾತ್ರ ಅದು ಗೊತ್ತಿರಲಿಲ್ಲ.

ಆದುದರಿಂದ ಸಮಿತಿಯ ಸೂಚನೆಗಳು ಇವು. ಒಂದು, ತಾಣದ ಇಮೇಲ್ ಸಂಘದ್ದಾಗಿರಲಿ, ಯಾವೊಬ್ಬರದೂ ಬೇಡ. ಎರಡು, ಆಡಳಿತದ ಅಧಿಕಾರ ಇಬ್ಬರಿಗಿರಲಿ. ಇಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಮೂರು, ಪಾಸ್‌ವರ್ಡನ್ನು ಕೈಯಲ್ಲಿ ಬರೆಯದೆ ಅಚ್ಚು ಹಾಕಿಸಿ, ಮೊಹರು ಮಾಡಿದ ಲಕೋಟೆಯಲ್ಲಿ ಖಜಾಂಚಿಯವರ ಪೆಟ್ಟಿಗೆಯಲ್ಲಿಡಬೇಕು. ನಾಲ್ಕು, ಸಮಿತಿ ಬದಲಾದಾಗ ಲೆಕ್ಕದ ಪುಸ್ತಕದೊಡನೆ ಇದನ್ನೂ ಸಹಿ ಹಾಕಿಸಿ ಒಪ್ಪಿಸಬೇಕು. ಐದು, ಬಾಗಿಲು ಮುಚ್ಚಿದರೆ ಮತ್ತೆ ಮತ್ತೆ ತಟ್ಟಬಾರದು; ನಿಂತು, ಕಾರಣ ಹುಡುಕಬೇಕು. ಸಾಲ ಮಾಡಿದ ಆ ಇಬ್ಬರು ಸದಸ್ಯರ ಬಡ್ಡಿಯನ್ನು ಸಮಿತಿಯವರು ಸ್ವಂತ ಕೈಯಿಂದ ತುಂಬಿದ್ದೇವೆಂಬುದನ್ನೂ ತಿಳಿಸುತ್ತೇವೆ.

ಕೊನೆಯದಾಗಿ, ಆ ಹುಡುಗನ ಹಿಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಅವನ ಕ್ಷಮೆಯನ್ನು ಫೋನಿನಲ್ಲಿ ಕೇಳಿಯಾಗಿದೆ. ಆದರೆ ಮಾತು ಆಡಿದ್ದು ನಾಲ್ಕು ಮಂದಿಯ ಮುಂದೆ. ಕ್ಷಮೆಯನ್ನೂ ನಾಲ್ಕು ಮಂದಿಯ ಮುಂದೆಯೇ ಕೇಳತಕ್ಕದ್ದು. ಸಭೆಯ ನಡಾವಳಿಯಲ್ಲಿ ಇದನ್ನು ಬರೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸಿ, ಮಾತು ಮುಗಿಸುತ್ತೇವೆ.